ಸುಡದ ಬೆಂಕಿ, ಉರಿಯುವ ಹೊಟ್ಟೆ

ಟಿ.ವಿ. ಜಾಹೀರಾತಿನಲ್ಲಿ ಮೋಟಾರು ಬೈಕೊಂದು ಬೆಂಕಿಯ ಗೋಡೆಯನ್ನು ಸೀಳಿಕೊಂಡು ಬರುತ್ತದೆ. ಸಾಗರ ಪೇಟೆಯ ಅಂಗಡಿಯಲ್ಲಿ ನಿಂತು ನೋಡುವವರು ‘ಎಂಥ ಧೈರ್ಯ!’ ಎನ್ನುತ್ತಾರೆ. ಆದರೆ ಈಗ ಬಹಳ ಕಡೆ ಅಲ್ಲಿ ಬೆಂಕಿಯೇ ಇರುವುದಿಲ್ಲ. ಅದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮಾಡಿದ ಬೆಂಕಿ. ಇದು ಬರಿಯ ಕಣ್ಕಟ್ಟು, ನಮಗೇನು ಎಂದು ತಳ್ಳಿಹಾಕುವವರಿದ್ದಾರೆ. ನಮ್ಮ ಅಭಿಪ್ರಾಯ ಬೇರೆ. ಈ ಬೆಂಕಿ ಬಂದದ್ದು ಒಳ್ಳೆಯದೇ. ಆದರೆ ಅದನ್ನು ಮಾಡುವವರ ಅನ್ನದ ಪ್ರಶ್ನೆ ದುಡಿಯುವವರೆಲ್ಲರ ಪ್ರಶ್ನೆ.

ಒಳ್ಳೆಯದೇಕೆ? 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಟಿಪ್ಪು ಸುಲ್ತಾನನ ಧಾರಾವಾಹಿ ಚಿತ್ರೀಕರಣ ನಡೆದಿದ್ದಾಗ ಬೆಂಕಿ ಬಿದ್ದು 62 ಮಂದಿ ಸತ್ತರು. ಅದು ದೃಶ್ಯಕ್ಕೆಂದು ಹಚ್ಚಿದ ಬೆಂಕಿಯಲ್ಲ, ಅವಘಡ. ಸಡಿಲವಾದ ವಿದ್ಯುತ್ ತಂತಿ, ಗೋಡೆಗೆ ಗೋಣಿತಟ್ಟು, ಗಾಳಿಗೆ ದಾರಿಯಿಲ್ಲದ ಕಟ್ಟಡ, ಇವು ಕಾರಣವೆಂದು ಹೇಳಲಾಯಿತು. ಬಟ್ಟೆ, ಮರ, ಬಣ್ಣ, ತಂತಿ ತುಂಬಿದ ಅಂಥ ಜಾಗದಲ್ಲಿ ಮೂವತ್ತು ಸೆಕೆಂಡಿನ ಸೋಪಿನ ಜಾಹೀರಾತಿಗಾಗಿ ಬೇಕೆಂದೇ ಬೆಂಕಿ ಹಚ್ಚಬೇಕೆ? ಹಚ್ಚಿದರೆ ಅದರ ಹತ್ತಿರ ನಿಲ್ಲುವವನು ಮಾಲೀಕನಲ್ಲ, ದಿನಗೂಲಿಯವನು.

ಕಂಪ್ಯೂಟರಿನ ಬೆಂಕಿ ಹೇಗಾಗುತ್ತದೆ? ಆಲೆಮನೆಯ ಒಲೆ ನೋಡಿದವರಿಗೆ ಇದು ಕಷ್ಟವಲ್ಲ. ಕಬ್ಬಿನ ಸಿಪ್ಪೆ ಎಷ್ಟು ಒಣಗಿದೆ, ಗಾಳಿ ಎತ್ತಲಿಂದ ಬರುತ್ತಿದೆ ಎಂಬುದರ ಮೇಲೆ ಉರಿ ಏಳುತ್ತದೆ. ಕಂಪ್ಯೂಟರ್ ಕೂಡ ಜಾಗವನ್ನು ಲಕ್ಷಗಟ್ಟಲೆ ಸಣ್ಣ ಗೂಡುಗಳಾಗಿ ಮಾಡಿಕೊಂಡು, ಪ್ರತಿ ಗೂಡಿನಲ್ಲೂ ಉರುವಲೆಷ್ಟು, ಕಾವೆಷ್ಟು, ಗಾಳಿ ಯಾವ ಕಡೆಗೆ ಎಂದು ಲೆಕ್ಕ ಹಾಕುತ್ತದೆ. ಕಾವು ಹೆಚ್ಚಿದ್ದಲ್ಲಿ ಬಿಳಿ, ಹಳದಿ, ಇಳಿದಲ್ಲಿ ಕೆಂಪು, ಆಮೇಲೆ ಹೊಗೆ. ನಮ್ಮ ಟಿ.ವಿ.ಯಲ್ಲಿ ಸೆಕೆಂಡಿಗೆ 25 ಚಿತ್ರ. ಮೂವತ್ತು ಸೆಕೆಂಡಿಗೆ 750 ಚಿತ್ರ. ಉರಿಯ ಬೆಳಕು ಪಕ್ಕದ ಮನುಷ್ಯನ ಮುಖದ ಮೇಲೂ ಬೀಳಬೇಕು. ಇಲ್ಲದಿದ್ದರೆ ಅದು ಸುಳ್ಳೆಂದು ಮಗುವಿಗೂ ತಿಳಿಯುತ್ತದೆ.

ಇದೆಲ್ಲ ಯಂತ್ರದಿಂದ ತಾನೇ ತಾನಾಗಿ ಆಗುವುದಿಲ್ಲ. ರಾತ್ರಿಯಿಡೀ ಕಣ್ಣು ಕೀಲಿಸಿ ಕೂತ ಹುಡುಗ ಹುಡುಗಿಯರು ಮಾಡುತ್ತಾರೆ. ಕೆಲಸ ಹೆಚ್ಚಾಗಿ ಒಟ್ಟು ಗುತ್ತಿಗೆ. ಗೋಡೆ ಕಟ್ಟಿಸುವವನು ಹತ್ತು ಸಲ ಕೆಡವಿಸಿ ಹತ್ತು ಸಲ ಕಟ್ಟಿಸಿ ಒಂದೇ ಗೋಡೆಯ ದುಡ್ಡು ಕೊಟ್ಟರೆ ಮೇಸ್ತ್ರಿಯ ಗತಿಯೇನು? ಇಲ್ಲಿಯೂ ಅದೇ. ‘ಉರಿ ಇನ್ನಷ್ಟು ಕೆಂಪಾಗಲಿ’ ಎಂದ ಜಾಹೀರಾತುದಾರನ ಒಂದು ಮಾತಿಗೆ ಕೆಲಸಗಾರನ ಭಾನುವಾರ ಹೋಗುತ್ತದೆ.

ಕೊನೆಗೆ ಆಗುವುದೇನು? ‘ಲೈಫ್ ಆಫ್ ಪೈ’ ಚಿತ್ರಕ್ಕೆ ಹುಲಿಯನ್ನು ಮಾಡಿದ ಅಮೆರಿಕದ ರಿದಮ್ ಅಂಡ್ ಹ್ಯೂಸ್ ಕಂಪೆನಿ 2013ರ ಫೆಬ್ರವರಿಯಲ್ಲಿ ಆಸ್ಕರ್ ಗೆದ್ದ ಹೊತ್ತಿಗೆ ದಿವಾಳಿ ಅರ್ಜಿ ಹಾಕಿತ್ತು. 2025ರ ಫೆಬ್ರವರಿಯಲ್ಲಿ ಫ್ರಾನ್ಸಿನ ಟೆಕ್ನಿಕಲರ್ ಕುಸಿಯಿತು. ಜಾಹೀರಾತು ದೃಶ್ಯಗಳಿಗೆ ಹೆಸರಾದ ‘ದಿ ಮಿಲ್’ ಆಗ ಅದರದೇ ಅಂಗವಾಗಿತ್ತು. ಬೆಂಗಳೂರಿನಲ್ಲಿ ಸಾವಿರಾರು ಮಂದಿಯ ಕೆಲಸ ಹೋಯಿತು. ಹೆಸರೇ ಮಿಲ್! ಗಿರಣಿಯ ಬಾಗಿಲು ಮುಚ್ಚಿದರೆ ಏನಾಗುತ್ತದೆಂದು ನಮ್ಮ ಓದುಗರಿಗೆ ಹೇಳಿಕೊಡಬೇಕಿಲ್ಲ. ಚರ್ಮ ಸುಡುವ ಬೆಂಕಿ ತಪ್ಪಿತು, ಹೊಟ್ಟೆಯ ಉರಿ ಉಳಿಯಿತು.

ಈ ಉದ್ಯಮಕ್ಕಾಗಿ ರಾಜ್ಯ ಸರಕಾರ 2024ರಲ್ಲಿ ಹೊಸ ನೀತಿ ತಂದಿದೆ. ಜನರ ತೆರಿಗೆಯ ನೆರವು ಪಡೆಯುವ ಕಂಪೆನಿ ಕಾಲಕ್ಕೆ ಸರಿಯಾಗಿ ಸಂಬಳ ಕೊಡಬೇಕು, ಹೆಚ್ಚಿನ ದುಡಿಮೆಗೆ ಹೆಚ್ಚಿನ ಕೂಲಿ ಕೊಡಬೇಕು. ಎಷ್ಟು ಸಲ ತಿದ್ದುಪಡಿ ಎಂಬುದು ಕರಾರಿನಲ್ಲೇ ಇರಬೇಕು. ನಿಜವಾದ ಬೆಂಕಿ ಹಚ್ಚುವ ಕಡೆ ಅಗ್ನಿಶಾಮಕರಿಲ್ಲದೆ ಕ್ಯಾಮೆರಾ ತಿರುಗಬಾರದು. ಇದು ನಮ್ಮ ಒತ್ತಾಯ.

ಹೊಸನಗರ, ತೀರ್ಥಹಳ್ಳಿಗಳಿಂದ ಮಕ್ಕಳನ್ನು ಈ ವಿದ್ಯೆಗೆ ಕಳುಹಿಸುವ ತಂದೆತಾಯಂದಿರು ಶುಲ್ಕ ಕಟ್ಟುವ ಮೊದಲು ಕೆಲಸದ ಷರತ್ತು ವಿಚಾರಿಸಲಿ. ಕಲಿತ ಮಕ್ಕಳು ಕಂಪ್ಯೂಟರಿನ ಮುಂದೆ ಕೂತ ಮಾತ್ರಕ್ಕೆ ತಾವು ಕೂಲಿಕಾರರಲ್ಲ ಎಂದು ಭ್ರಮಿಸದಿರಲಿ. ಸಂಘ ಕಟ್ಟಲಿ. ಅಕ್ಕಿ ಗಿರಣಿಯ ಹಮಾಲನಿಗೆ ಬಲ ಬಂದದ್ದು ಹಾಗೆಯೇ.