ಟ್ರಿಗರ್‌ನ ಅರ್ಧ ಕಿಲೊ: ನಿಯಮ ಹಳ್ಳಿಗೂ ಮುಟ್ಟಲಿ

ಪಾರಿಶ್ವಾಡ, ಇಟಗಿ, ಬೀಡಿ ಕಡೆಯವರಿಗೆ ಬಂದೂಕು ಅಪರಿಚಿತವಲ್ಲ. ಬೆಳೆ ಕಾಯಲು ಲೈಸೆನ್ಸ್ ಪಡೆಯುವುದು, ಚುನಾವಣೆ ಬಂದರೆ ಠಾಣೆಯಲ್ಲಿ ಜಮಾ ಮಾಡುವುದು ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ರೈತರಿಗೆ ಗೊತ್ತಿದ್ದದ್ದೇ. ಗೊತ್ತಿಲ್ಲದ್ದು ಸ್ಪರ್ಧೆಯ ಪಿಸ್ತೂಲು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದದ್ದನ್ನು ನೋಡಿದ ಮಗು ಏರ್ ಪಿಸ್ತೂಲು ಕೇಳಿದರೆ, ಅಪ್ಪ ಮೊದಲು ವಿಚಾರಿಸುವುದು ಬೆಲೆ ಮತ್ತು ಲೈಸೆನ್ಸ್. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚಿನ ಒಳಗಿನ, 20 ಜೌಲ್ ಮೀರದ ಏರ್ ಗನ್ನಿಗೆ ಲೈಸೆನ್ಸ್ ಬೇಕಿಲ್ಲ. ಆದರೆ ಪಿಸ್ತೂಲಿನ ಒಳಗೆ ಏನನ್ನು ಬದಲಿಸಬಹುದು, ಏನನ್ನು ಮುಟ್ಟಬಾರದು ಎಂಬುದನ್ನು ಹೇಳುವವರು ಸಿಗುವುದು ಕಷ್ಟ.

ಆಟ ನಿಂತಿರುವುದೇ ಅದರ ಮೇಲೆ. ಹತ್ತು ಮೀಟರ್ ದೂರದ ಗುರಿಯಲ್ಲಿ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿಲಿಮೀಟರ್. ಟ್ರಿಗರ್ ಹಗುರವಾದಷ್ಟೂ ಬೆರಳು ಒತ್ತುವಾಗ ಕೈ ಅಲುಗುವುದು ಕಡಿಮೆ. ಹಾಗಾಗಿಯೇ ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟ ಏರ್ ಪಿಸ್ತೂಲಿಗೆ ಕನಿಷ್ಠ 500 ಗ್ರಾಂ, 25 ಮೀಟರ್ ಪಿಸ್ತೂಲಿಗೆ 1000 ಗ್ರಾಂ ಟ್ರಿಗರ್ ತೂಕ (ಗುಂಡು ಹಾರಿಸಲು ಬೇಕಾದ ಒತ್ತಡ) ಗೊತ್ತುಮಾಡಿದೆ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2016ರ ರಿಯೊದಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲಿಗೆ ಈ ಮಿತಿ ಇರಲಿಲ್ಲ. ಆ ಸ್ಪರ್ಧೆಯೇ ಆಮೇಲೆ ಒಲಿಂಪಿಕ್ಸ್‌ನಿಂದ ಹೋಯಿತು.

ತಪಾಸಣೆ ನೋಡಲು ಸರಳ. ಪಿಸ್ತೂಲಿನ ನಳಿಗೆಯನ್ನು ನೆಟ್ಟಗೆ ಮೇಲಕ್ಕೆ ಹಿಡಿದು, ಟ್ರಿಗರ್‌ಗೆ ತೂಕದ ಬೊಟ್ಟು ಸಿಕ್ಕಿಸಿ ನಿಧಾನವಾಗಿ ಎತ್ತುತ್ತಾರೆ. ಟ್ರಿಗರ್ ಬಿಡದೆ ತೂಕ ನೆಲ ಬಿಟ್ಟು ಮೇಲೆದ್ದರೆ ಪಾಸು. ಸ್ಪರ್ಧೆ ಮುಗಿದ ಮೇಲೂ ಈ ಪರೀಕ್ಷೆ ನಡೆಯಬಹುದು, ಅದರಲ್ಲಿ ಸೋತರೆ ಅನರ್ಹತೆ. ಅದಕ್ಕೇ ಅನುಭವಿಗಳು ತಮ್ಮ ಟ್ರಿಗರನ್ನು ಮಿತಿಗಿಂತ ತುಸು ಭಾರವಾಗಿಯೇ ಇಟ್ಟುಕೊಳ್ಳುತ್ತಾರೆ.

ಒಳಗಿನ ಬದಲಾವಣೆಯನ್ನು ನಿಯಮ ಪೂರ್ತಿ ನಿಷೇಧಿಸಿಲ್ಲ. ಎಲೆಕ್ಟ್ರಾನಿಕ್ ಟ್ರಿಗರಿಗೂ ಅವಕಾಶವಿದೆ, ಅದರ ಎಲ್ಲ ಭಾಗಗಳೂ ಪಿಸ್ತೂಲಿನೊಳಗೆ ಅಥವಾ ಹಿಡಿಕೆಯೊಳಗೆ ಭದ್ರವಾಗಿರಬೇಕು ಅಷ್ಟೆ. ಇದು ಸರಿಯಾದ ನಿಲುವು. ಬೆರಳಿನ ಉದ್ದ, ಬಲ ಒಬ್ಬೊಬ್ಬರದು ಒಂದೊಂದು ತೆರ. ಕಂಪನಿಯೇ ಕೊಟ್ಟ ಸ್ಕ್ರೂ ತಿರುಗಿಸಿ ಟ್ರಿಗರ್ ಹೊಂದಿಸಿಕೊಳ್ಳುವುದು ಆಟಗಾರರ ಹಕ್ಕು. ಟ್ರಿಗರ್ ತಡೆಹಿಡಿಯುವ ಕೊಂಡಿಯನ್ನು ಅರದಿಂದ ಉಜ್ಜಿ ಹಗುರ ಮಾಡುವುದು ಮಾತ್ರ ಬೇರೆಯೇ ಮಾತು. ಹಿಡಿತ ತೆಳುವಾದರೆ ಸಣ್ಣ ಏಟಿಗೂ ಗುಂಡು ಹಾರೀತು.

ಬೆಳಗಾವಿಗೆ ಇದನ್ನು ಒತ್ತಿ ಹೇಳಲು ಕಾರಣವಿದೆ. ಇಲ್ಲಿನ ಕೈಗಾರಿಕಾ ಪ್ರದೇಶ ಉದ್ಯಮಬಾಗದ ಲೇಥ್ ಕೆಲಸಗಾರರ ಕೈಚಳಕ ಊರಿಗೇ ಗೊತ್ತು. ಎಂಥ ಬಿಡಿಭಾಗವನ್ನೂ ಮಾಡಿಕೊಟ್ಟಾರು. ಆದರೆ 25 ಮೀಟರ್ ಸ್ಪರ್ಧೆಯ .22 ಪಿಸ್ತೂಲು ಆಟದ್ದಾದರೂ ಕಾನೂನಿನ ಕಣ್ಣಿಗೆ ಬಂದೂಕೇ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಐದನೇ ಕಲಂ ಪ್ರಕಾರ ಬಂದೂಕು ರಿಪೇರಿ ಮಾಡಲೂ ಮಾರ್ಪಡಿಸಲೂ ಲೈಸೆನ್ಸ್ ಬೇಕು. ಕ್ರೀಡಾ ನಿಯಮ ಒಪ್ಪುವ ಬದಲಾವಣೆಯೂ ತಪ್ಪು ಕೈಯಲ್ಲಿ ಅಪರಾಧವಾಗುತ್ತದೆ. ಒಳ್ಳೆಯ ಕೆಲಸಗಾರನೊಬ್ಬ ಕೋರ್ಟು ಅಲೆಯುವಂತಾಗಬಾರದು.

ಯಂತ್ರ ಕೈಕೊಟ್ಟರೆ ಏನಾಗುತ್ತದೆಂದು ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಕಂಡೆವು. 2021ರಲ್ಲಿ ಅದೇ ಮನು ಭಾಕರ್ ಅವರ ಪಿಸ್ತೂಲು ಅರ್ಹತಾ ಸುತ್ತಿನ ನಡುವೆ ಕೆಟ್ಟು ಅಮೂಲ್ಯ ನಿಮಿಷಗಳು ಹೋದವು. 575 ಅಂಕ, 12ನೇ ಸ್ಥಾನ, ಫೈನಲ್ ತಪ್ಪಿತು. ದೇಶದ ತಂಡದ ಸೌಲಭ್ಯವಿದ್ದವರ ಗತಿ ಇದಾದರೆ, ಖಾನಾಪುರದಿಂದ ಬಸ್ಸು ಹತ್ತಿ ಬರುವ ಹುಡುಗಿಯ ಪಾಡೇನು?

ಕರ್ನಾಟಕ ರಾಜ್ಯ ರೈಫಲ್ ಸಂಸ್ಥೆ ಮತ್ತು ಕ್ರೀಡಾ ಇಲಾಖೆ ಸೇರಿ ಸಲಕರಣೆ ನಿಯಮಗಳನ್ನು ಕನ್ನಡದಲ್ಲಿ ಅಚ್ಚು ಹಾಕಿಸಲಿ. ತರಬೇತಿ ನಡೆಯುವ ಪ್ರತಿ ಜಾಗದಲ್ಲೂ 500 ಮತ್ತು 1000 ಗ್ರಾಂನ ಪರೀಕ್ಷಾ ತೂಕ ಇಡಿಸಲಿ. ಆ ತೂಕಗಳನ್ನು ಉದ್ಯಮಬಾಗದಲ್ಲೇ ಮಾಡಿಸಬಹುದು. ಪಾಲಕರಲ್ಲೂ ಒಂದು ವಿನಂತಿ: ಹಳೆಯ ಪಿಸ್ತೂಲು ಕೊಳ್ಳುವ ಮುನ್ನ ಅದರ ಟ್ರಿಗರ್ ತೂಗಿಸಿ ನೋಡಿ.