ಹದಿನೆಂಟು ತುಂಬಿದ ಮರುದಿನ

ಮುಂಬಯಿಯ ಡೋಂಗ್ರಿಯಲ್ಲಿ ಬಾಲಕರ ವೀಕ್ಷಣಾಲಯವಿದೆ. ಮಾಹಿಮಿನಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಆರಂಭವಾದ ಡೇವಿಡ್ ಸಸೂನ್ ಕೈಗಾರಿಕಾ ಶಾಲೆಯಿದೆ. ದಾರಿ ತಪ್ಪಿದ, ಇಲ್ಲವೇ ತಪ್ಪುವ ಅಂಚಿನಲ್ಲಿರುವ ಹುಡುಗರಿಗೆ ವಸತಿ, ಪಾಠ, ಕಸಬು ಒದಗಿಸುವ ತಾಣಗಳಿವು. ಆ ಗೋಡೆಗಳ ಬದಿಯಲ್ಲಿ ನಾವು ದಿನವೂ ಹಾದುಹೋಗುತ್ತೇವೆ. ಒಳಗಿರುವವರು ನಮ್ಮವರಲ್ಲವೆಂದು ನೆಮ್ಮದಿಯಿಂದಿರುತ್ತೇವೆ.

2015ರ ಬಾಲನ್ಯಾಯ ಕಾಯ್ದೆಯ ಉದ್ದೇಶ ದಂಡನೆಯಲ್ಲ, ಪುನರ್ವಸತಿ. ಬಾಲಕನ ಗುರುತನ್ನು ಬಯಲು ಮಾಡಬಾರದೆಂದು ಅದು ವಿಧಿಸುತ್ತದೆ. ಹದಿನೆಂಟು ತುಂಬಿ ಸಂಸ್ಥೆಯಿಂದ ಹೊರಬಂದವನಿಗೆ ಸಾಮಾನ್ಯವಾಗಿ 21ರವರೆಗೆ ಅನುಪಾಲನೆಯ ಆಸರೆಯನ್ನೂ ಕಲ್ಪಿಸುತ್ತದೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೆ ನಿಗದಿಯಾದದ್ದು ತಿಂಗಳಿಗೆ 4,000 ರೂಪಾಯಿ. ಮುಂಬಯಿಯಲ್ಲಾಗಲಿ ಪುಣೆಯಲ್ಲಾಗಲಿ ಈ ಮೊತ್ತದಲ್ಲಿ ಬಾಡಿಗೆ, ಊಟ, ಓದು ಮೂರೂ ಸಾಗುವುದುಂಟೆ? ಮೂರು ವರ್ಷ ಕಲಿಸಿದ ಮರಗೆಲಸ ಮೂರೇ ತಿಂಗಳಲ್ಲಿ ಬೀದಿಪಾಲಾಗುವುದು ಇಲ್ಲಿಯೇ.

ಸಮ್ಯಗ್ದರ್ಶನದ ಎಂಟು ಅಂಗಗಳನ್ನು ನಾವು ಬಾಲ್ಯದಲ್ಲಿಯೇ ಬಾಯಿಪಾಠ ಮಾಡಿದವರು. ಅನ್ಯರ ದೋಷವನ್ನು ಮರೆಮಾಡುವುದು ಉಪಗೂಹನ. ಜಾರಿದವನನ್ನು ಮತ್ತೆ ನೆಲೆಗೊಳಿಸುವುದು ಸ್ಥಿತಿಕರಣ. ಇವು ಸಾಧರ್ಮಿಗಳಿಗೆ ಮಾತ್ರ ಎನ್ನುವವರಿದ್ದಾರೆ. ಅಂಜನಚೋರನ ಕಥೆಯನ್ನು, ವಡ್ಡಾರಾಧನೆಯ ವಿದ್ಯುಚ್ಚೋರನ ಕಥೆಯನ್ನು ಭಕ್ತಿಯಿಂದ ಕೇಳುವವರು ನಾವೇ ಅಲ್ಲವೇ? ಪುರಾಣದ ಕಳ್ಳನಿಗೆ ಕೈಮುಗಿದು, ನೆರೆಯ ಹುಡುಗನಿಗೆ ಕದವಿಕ್ಕುವುದು ಯಾವ ಧರ್ಮ?

ಮಾರ್ಗ ತೋರಿದವರು ನಮ್ಮಲ್ಲಿಯೇ ಇದ್ದಾರೆ. ಮೂಡುಬಿದಿರೆ ಮೂಲದ ಜೈನ ಮನೆತನದಲ್ಲಿ 1887ರಲ್ಲಿ ಜನಿಸಿದ ಕರ್ಮವೀರ ಭಾವುರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿದರು. ಸಾತಾರೆಯ ಅವರ ವಸತಿಗೃಹದಲ್ಲಿ ಎಲ್ಲ ಜಾತಿಯ ಬಡ ಹುಡುಗರು ಒಂದೇ ಪಂಕ್ತಿಯಲ್ಲಿ ಉಂಡರು, ದುಡಿಯುತ್ತ ಓದಿದರು. ಆ ಮಕ್ಕಳ ಹಸಿವಿಗಾಗಿ ಅವರ ಪತ್ನಿ ಲಕ್ಷ್ಮೀಬಾಯಿಯವರು ಮೈಮೇಲಿನ ಒಡವೆಗಳನ್ನೇ ತ್ಯಜಿಸಿದರು. ಇಂದು ನಮ್ಮ ಬೋರ್ಡಿಂಗುಗಳು ಪ್ರವೇಶಕ್ಕೆ ಮೊದಲು ಕೇಳುವುದು ಅಂಕಪಟ್ಟಿ, ಅನಂತರ ಸಮಾಜದ ಪ್ರಮಾಣಪತ್ರ.

‘ನಮ್ಮ ಮಕ್ಕಳ ಸಹವಾಸ ಕೆಡುವುದಿಲ್ಲವೇ?’ ಎಂಬ ತಾಯ್ತಂದೆಯರ ಆತಂಕವನ್ನು ತಳ್ಳಿಹಾಕಲಾಗದು. ಆದ್ದರಿಂದ ಸಣ್ಣದಾಗಿಯೇ ಆರಂಭಿಸೋಣ. ಪ್ರತಿಯೊಂದು ಸಮಾಜದ ವಸತಿನಿಲಯವೂ ಎರಡು ಸ್ಥಾನಗಳನ್ನು ಜಾತಿ ಕೇಳದೆ ಮೀಸಲಿಡಲಿ. ಜಿಲ್ಲಾ ಮಕ್ಕಳ ರಕ್ಷಣಾ ಘಟಕದ ಮೂಲಕ, ನಡತೆಯನ್ನು ಬಲ್ಲ ಅಧಿಕಾರಿಯ ಸಲಹೆಯಂತೆ ತರುಣರನ್ನು ಸೇರಿಸಿಕೊಳ್ಳಲಿ. ಅಂಗಡಿ, ಕಾರ್ಖಾನೆಗಳುಳ್ಳ ಶ್ರಾವಕರು ಒಬ್ಬೊಬ್ಬನಿಗೆ ಕೆಲಸ ಕೊಡಲಿ. ಅವನ ಹಿಂದಿನ ಕಥೆಯನ್ನು ಸಹೋದ್ಯೋಗಿಗಳ ಬಾಯಿಗೆ ಹಾಕದಿರಲಿ. ಸರ್ಕಾರ ಆಯಾ ನಗರದ ಬಾಡಿಗೆಗೆ ತಕ್ಕಂತೆ ಅನುಪಾಲನಾ ಧನವನ್ನು ಹೆಚ್ಚಿಸಲೆಂದು ಮತ ಕೇಳಲು ಬರುವವರನ್ನು ನಾವು ಒತ್ತಾಯಿಸೋಣ.

ಪಂಚಕಲ್ಯಾಣದ ಸವಾಲಿನಲ್ಲಿ ಲಕ್ಷಗಳನ್ನು ಕೂಗುವ ಸಮಾಜಕ್ಕೆ ಎರಡು ಹಾಸಿಗೆ ಭಾರವಾಗದು. ಭಾರವಾಗಿರುವುದು ನಮ್ಮ ಸಂಕೋಚ. ಇಳಿಸಬೇಕಾದ ಹೊರೆಯೂ ಅದೇ.