ನಂಬರು ಗೊತ್ತಿದ್ಮೇಲೆ ಅಟ್ಟಾಡಿಸೋದ್ಯಾಕೆ?

ಅಕ್ಕಂದಿರೇ, ಇವತ್ತು ಉಪ್ಪಿನಕಾಯಿ ಬರ್ಯಲ್ಲ, ಸಿಟ್ಟು ಬರೀತೀನಿ. ಬೇಜಾರಾದೋರು ಮುಂದಿನ ವಾರ ಬನ್ನಿ.

2025ರ ಮೇ ತಿಂಗ್ಳು ನಮ್ ಮಂಡ್ಯದಲ್ಲಿ ಆದದ್ದು ನಿಮ್ಗೆಲ್ಲಾ ಗೊತ್ತೇ ಅದೆ. ಮೂರೂವರೆ ವರ್ಷದ ಮಗೀಗೆ ನಾಯಿ ಕಚ್ಚಿತ್ತು. ಅಪ್ಪ ಅವ್ವ ಬೈಕಲ್ಲಿ ಆಸ್ಪತ್ರೆಗೆ ಕರ್ಕೊಂಡು ಬರ್ತಿದ್ರು. ಹೆಲ್ಮೆಟ್ ತಪಾಸಣೆ ಅಂತ ಪೊಲೀಸಿನೋರು ಅಡ್ಡ ಹಾಕುದ್ರು. ಬೈಕು ಬಿತ್ತು, ಹಿಂದೆ ಬಂದ ಗಾಡಿ ಮಗೀನ ಮೇಲೆ ಹರೀತು. ಮೂರು ಜನ ಎಎಸ್‌ಐಗಳ್ನ ಸಸ್ಪೆಂಡ್ ಮಾಡುದ್ರು. ಹೋದ ಮಗ ಬತ್ತದಾ?

ಅದಾದ್ಮೇಲೆ ರಾಜ್ಯದ ಡಿಜಿಪಿ ಸಲೀಂ ಅವ್ರು ಒಂದು ಸುತ್ತೋಲೆ ಹೊರಡಿಸುದ್ರು. ರಸ್ತೆಗೆ ಏಕಾಏಕಿ ಹಾರಿ ಗಾಡಿಗೆ ಅಡ್ಡ ನಿಲ್ಲಂಗಿಲ್ಲ, ಕೀ ಕಿತ್ಕೊಳ್ಳಂಗಿಲ್ಲ, ಜೋರಾಗಿ ಹೋದೋನ ಬೆನ್ನಟ್ಟಂಗಿಲ್ಲ, ನಂಬರು ಬರ್ಕೊಂಡು ಕಂಟ್ರೋಲ್ ರೂಮಿಗೆ ತಿಳಿಸ್ಬೇಕು ಅಂತ. ಒಳ್ಳೇ ಮಾತು. ಆದ್ರೆ ಈ ಮಾತು ಹೇಳಕ್ಕೆ ಒಂದು ಮಗ ಹೋಗ್ಬೇಕಿತ್ತಾ ಅನ್ನೋದೇ ನನ್ನ ಸಂಕಟ.

ನಮ್ಮ ಕಡೆ ಗಂಡಸ್ರು ಏನಂತಾರೆ ಗೊತ್ತಾ? "ಹೆಲ್ಮೆಟ್ ಹಾಕ್ಕಂಡಿದ್ರೆ ಇದೆಲ್ಲಾ ಆಯ್ತಿತ್ತಾ?" ಹಾಕ್ಬೇಕು ಕಣ್ರಪ್ಪ, ಇಲ್ಲಾ ಅಂದೋರ್ಯಾರು? ದಂಡಾನೂ ಹಾಕ್ಲಿ, 500 ರೂಪಾಯಿ ಕಟ್ಲಿ. ಆದ್ರೆ ತೆಪ್ಪು ಐನೂರು ರೂಪಾಯಿದು, ಅದನ್ನ ಹಿಡಿಯೋ ರೀತಿಗೆ ಜೀವವೇ ಹೋದ್ರೆ ಅದ್ಯಾವ ಲೆಕ್ಕ? ಚೀಟಿ ದುಡ್ಡು ಬಾಕಿ ಉಳಿಸ್ಕೊಂಡೋಳು ಸಂತೇಲಿ ಕಂಡ್ಲು ಅಂತ ನಾವು ಸೆರಗು ಹಿಡ್ದು ಎಳೀತೀವಾ? ಅವಳ ಮನೆ ಗೊತ್ತು, ಸಾಯಂಕಾಲ ಹೋಗಿ ಕೇಳ್ತೀವಿ. ಗಾಡೀದೂ ಅಷ್ಟೇಯ. ನಂಬರು ಹಿಂದೇನೂ ಅದೆ, ಮುಂದೇನೂ ಅದೆ, ಆ ನಂಬರಿಗೆ ಹೆಸ್ರು, ವಿಳಾಸ ಎಲ್ಲಾ ಸರ್ಕಾರದ ಕಂಪ್ಯೂಟರಲ್ಲಿ ಅದೆ. ಅದ್ಕೇ ಅಲ್ವಾ ಎಚ್‌ಎಸ್‌ಆರ್‌ಪಿ ಪ್ಲೇಟು ಹಾಕ್ಸಿ ಹಾಕ್ಸಿ ಅಂತ ಹಳೇ ಗಾಡಿಯೋರಿಗೆಲ್ಲಾ ಗಡುವಿನ ಮೇಲೆ ಗಡುವು ಕೊಟ್ಟಿದ್ದು?

ಬೆಂಗ್ಳೂರಲ್ಲಿ 2022ರ ಡಿಸೆಂಬರಲ್ಲೇ 50 ಜಂಕ್ಷನ್‌ಗಳಲ್ಲಿ ನಂಬರು ಓದೋ ಕ್ಯಾಮೆರಾ 250 ಹಾಕುದ್ರು. ಕ್ಯಾಮೆರಾ ಫೋಟೋ ಹಿಡೀತದೆ, ಮೊಬೈಲಿಗೆ ಮೆಸೇಜ್ ಬತ್ತದೆ. 2023ರ ಫೆಬ್ರವರೀಲಿ ಬಾಕಿ ದಂಡಕ್ಕೆ ಅರ್ಧ ರಿಯಾಯಿತಿ ಅಂದ್ರಲ್ಲ, ಜನ ತಾವೇ ಸಾಲು ನಿಂತ್ರು. ಹತ್ತು ದಿನದೊಳಗೆ 100 ಕೋಟಿಗೂ ಮೇಲೆ ಬಂತು. ಒಬ್ಬರ್ನೂ ಅಟ್ಟಾಡಿಸ್ಲಿಲ್ಲ, ಲಾಠಿ ಬೀಸ್ಲಿಲ್ಲ. ಸೀರೆ ಡಿಸ್ಕೌಂಟಿಗೂ ನಾವು ಅಷ್ಟು ಸಾಲು ನಿಲ್ಲಕಿಲ್ಲ ಬುಡಿ!

"ಸರಗಳ್ಳನ್ನೂ ಹಂಗೇ ಬುಟ್ಬುಡೋದಾ?" ಅಂತ ನೀವು ಕೇಳ್ಬೋದು. ಕೇಳ್ಬೇಕಾದ ಮಾತೇ. ಕಳ್ಳ ನಂಬರು ಸುಳ್ಳು ಹಾಕ್ಕಂಡಿರ್ತಾನೆ, ಕ್ಯಾಮೆರಾ ಒಂದ್ರಿಂದ ಆಗಲ್ಲ. ಅಮೆರಿಕದಲ್ಲಿ ಇದ್ಕೆ ಒಂದು ಉಪಾಯ ಮಾಡವ್ರೆ. ಸ್ಟಾರ್‌ಚೇಸ್ ಅಂತ ಹೆಸ್ರು. ಪೊಲೀಸ್ ಕಾರಿನ ಮೂತೀಲಿ ಗಾಳಿ ಒತ್ತಡದ ಒಂದು ತೋಪು ಇರ್ತದೆ. ಅದ್ರಿಂದ ಅಂಟಿರೋ ಗುಂಡು ಹೊಡುದ್ರೆ ಓಡೋ ಕಾರಿನ ಬೆನ್ನಿಗೆ ಹೋಗಿ ಮೆತ್ಕೋತದೆ, ಹಲಸಿನಹಣ್ಣಿನ ಮೇಣ ಕೈಗೆ ಮೆತ್ಕೊಂಡಂಗೆ. ಒಳಗೆ ಜಿಪಿಎಸ್. ಪೊಲೀಸಿನೋರು ಸೈರನ್ ನಿಲ್ಸಿ ಹಿಂದೆ ಸರೀತಾರೆ, ಗಾಡಿ ಎಲ್ಲಿ ಹೋಯ್ತಾ ಅದೆ ಅಂತ ನಕ್ಷೇಲಿ ನೋಡ್ತಾರೆ. ಹಿಂದೆ ಯಾರೂ ಇಲ್ಲ ಅಂದ್ರೆ ಓಡೋನೂ ನಿಧಾನ ಮಾಡ್ತಾನೆ. ಆಮೇಲೆ ನಿಂತ ಕಡೆ ಹೋಗಿ ಸುತ್ತುವರೀತಾರೆ. ಆ ದೇಶ್ದಲ್ಲಿ ಇಂಥ ಬೆನ್ನಟ್ಟಾಟದಲ್ಲಿ ವರ್ಷಕ್ಕೆ ನೂರಾರು ಜನ ಸಾಯ್ತಾರೆ. ಅದ್ರಲ್ಲಿ ಕಳ್ಳರಷ್ಟೇ ಅಲ್ಲ, ದಾರೀಲಿ ತಮ್ಮ ಪಾಡಿಗೆ ಹೋಗ್ತಿದ್ದೋರೂ ಇರ್ತಾರೆ.

ನಮ್ಮ ಸಂದೀಲಿ ಬೈಕಿಗೆ ಆ ಗುಂಡು ಮೆತ್ತಕ್ಕಾಗಲ್ಲ, ಅದು ನಂಗೂ ಗೊತ್ತು. ಆದ್ರೆ 2019ರಿಂದ ಹೊಸ ಬಸ್ಸು, ಟ್ಯಾಕ್ಸಿಗಳಿಗೆ ಎಲ್ಲೈತೆ ಅಂತ ತೋರ್ಸೋ ಸಾಧನ ಇರ್ಲೇಬೇಕು ಅಂತ ಕಾನೂನೇ ಅದೆ. ಮನಸ್ಸಿದ್ರೆ ದಾರಿ ಮಾಡ್ಕೋಬೋದು. ನನ್ನ ತಕರಾರು ಇಷ್ಟೇ: ಮರದ ಮರೇಲಿ ನಿಂತು ಹಾರಿ ಅಡ್ಡ ಹಾಕೋದು ಸುಲಭ, ಅದ್ಕೇ ಮಾಡ್ತಾರೆ.

ಇನ್ನೊಂದು ಮಾತು, ಇದನ್ನ ಬುಟ್ರೆ ಮೋಸ ಆಯ್ತದೆ. ಕ್ಯಾಮೆರಾ, ಜಿಪಿಎಸ್ ಅಂತ ಕೈಗೆ ಕೊಟ್ರೆ ನಾಳೆ ನಾವು ಯಾವ ತೌರಿಗೆ ಹೋದ್ವಿ, ಯಾವ ಗುಡೀಲಿ ಎಷ್ಟೊತ್ತು ಕುಂತ್ವಿ ಅನ್ನೋದೂ ಅವ್ರ ಕೈಲಿರ್ತದೆ. ಅಮೆರಿಕದ ಸುಪ್ರೀಂ ಕೋರ್ಟು 2012ರಲ್ಲೇ ಇದ್ರ ಬಗ್ಗೆ ತೀರ್ಪು ಕೊಟ್ಟದೆ, ಕಾರಿಗೆ ಗುಟ್ಟಾಗಿ ಜಿಪಿಎಸ್ ಅಂಟ್ಸಿ ಹಿಂಬಾಲ್ಸೋದು ಶೋಧನೆ ಮಾಡ್ದಂಗೇ ಅಂತ. ನಮ್ಮಲ್ಲೂ 2017ರಲ್ಲಿ ಖಾಸಗಿತನ ಮೂಲಭೂತ ಹಕ್ಕು ಅಂತಾಯ್ತು, ಆ ಕೇಸು ಹಾಕಿದ್ದು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರೇಯ. ಹಂಗಾಗಿ ಯಾರು ನೋಡ್ತಾರೆ, ಎಷ್ಟು ದಿನ ಇಟ್ಕೋತಾರೆ ಅಂತ ಬರ್ದು ಹೇಳ್ಲಿ. ಅದು ಹೇಳಕ್ಕಾಗಲ್ಲ ಅಂತ ಮತ್ತೆ ರಸ್ತೆಗೆ ಹಾರೋದೂ ಬ್ಯಾಡ.

ಠಾಣೇಲಿ ಜನಸಂಪರ್ಕ ಸಭೆ ಕರೀತಾರಲ್ಲ, ಗಂಡಸ್ರೇ ಹೋಗಿ ಟೀ ಕುಡ್ದು ಬತ್ತಾರೆ. ಈ ಸಲ ನಾವು ನಾಲ್ಕು ಜನ ಹೋಗಾನ. ಡಿಜಿಪಿ ಸುತ್ತೋಲೆ ನಿಮ್ಮ ಠಾಣೇಲಿ ಯಾವ ಗೋಡೆಗೆ ಅಂಟ್ಸಿದ್ದೀರಿ, ತೋರ್ಸಿ ಅಂತ ಕೇಳಾನ. ಬರೋರು ನಂಗೆ ಫೋನ್ ಮಾಡಿ, ಮಧ್ಯಾಹ್ನ ಎರಡರ ಮೇಲೆ.